ಎದೆ ನಿಲ್ಲಿಸುವ ಬಾಕ್ಸ್

ಬೇಸ್ ಗಿಟಾರಿನ ಬಾಕ್ಸ್ ಮುಂದೆ ಕೂತವರ ಎದೆ ನಿಂತುಹೋಗುತ್ತದೆ. ಎಂಬತ್ತರ ದಶಕದಲ್ಲಿ ಚಿಕ್ಕೋಡಿಯಿಂದ ಕಾಗವಾಡದ ತನಕ ಎಲ್ಲರೂ ಇದನ್ನು ನಂಬಿದ್ದರು. ಓದಿದವರು ತುಸು ಹೆಚ್ಚು ನಂಬಿದ್ದರು, ಏಕೆಂದರೆ ಅವರಿಗೆ 'ವೈಬ್ರೇಶನ್' ಎಂಬ ಶಬ್ದ ಗೊತ್ತಿತ್ತು.

ಇಂಥ ಸೀಮೆಯಲ್ಲಿ ಬೇಸ್ ಬಾರಿಸುವವನು ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಟೆಂಪೊ ಇಳಿದ ಕೂಡಲೇ ಅವೇ ಎದುರು ಬಂದು ನಿಲ್ಲುತ್ತಿದ್ದವು. ನಾನು ಧಾರವಾಡದಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಮುಗಿಸಿ ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಮಾಸ್ತರನಾಗಿದ್ದೆ. ಲಗ್ನಸರಾಯಿ ಬಂತೆಂದರೆ ನಿಪ್ಪಾಣಿಯ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಬಾರಿಸುತ್ತಿದ್ದೆ. ಆರ್ಕೆಸ್ಟ್ರಾದ ಮಾಲಕರು ತಂಬಾಕಿನ ವ್ಯಾಪಾರದ ಮನೆತನದವರು. ಹಾಡುವವರು ಅವರೇ, ಕೀಬೋರ್ಡ್ ಬಾರಿಸುವವರೂ ಅವರೇ. ಧೈರ್ಯವೊಂದನ್ನು ಬಿಟ್ಟು ಉಳಿದದ್ದೆಲ್ಲ ಅವರಲ್ಲಿತ್ತು.

ನನ್ನನ್ನು ಸೇರಿಸಿಕೊಂಡ ದಿನವೇ ಅವರು ಕರಾರು ಹೇಳಿದ್ದರು.

"ಮಾಸ್ತರ, ನಮ್ಮ ಪ್ರೋಗ್ರಾಮಿನ್ಯಾಗ ಒಬ್ಬಾಂವ ಕುರ್ಚಿ ಮ್ಯಾಲಿಂದ ಬಿದ್ದರೂ ಸಾಕು, ಅವತ್ತ ಬಾಕ್ಸ್ ಮಾರಿಬಿಡತೇನಿ. ಬೇಸ್ ನಾನ ಎಡಗೈಲೆ ಕೀಬೋರ್ಡಿನ್ಯಾಗ ಬಾರಸ್ತೇನಿ. ನೀವು ನಿಮ್ಮ ಕಾಲೇಜಿಗೆ ಹೋಗ್ರಿ."

ಕಾಲೇಜಿಗೆ ಹೋಗುವುದು ನನಗೆ ಬೇಕಿರಲಿಲ್ಲ. ನನಗೆ ನಂಬಿಕೆ ಇದ್ದ ಸಂಗತಿಗಳು ಬಹಳ ಕಡಿಮೆ. ಬೇಸ್ ಗಿಟಾರಿನ ದಪ್ಪ ತಂತಿ ಅವುಗಳಲ್ಲಿ ಒಂದು. ಆದ್ದರಿಂದ ಬಾರಿಸುವಾಗ ನಾನು ತಂತಿ ನೋಡುತ್ತಿರಲಿಲ್ಲ. ಮುಂದಿನ ಸಾಲಿನ ಮುದುಕರ ಎದೆ ಏರಿಳಿಯುತ್ತಿದೆಯೋ ಇಲ್ಲವೋ ಎಂದು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದೆ. ಬೇಸಿನ ಮಾಸ್ತರ ಭಾಳ ಗಂಭೀರ ಮನುಷ್ಯ ಎಂಬ ಹೆಸರು ನನಗೆ ಬಂದದ್ದು ಹೀಗೆ.

೧. ಯಾವ ಊರಿನ ಸಾವು

ಕಥೆ ಎಲ್ಲ ಕಡೆ ಒಂದೇ. ಒಂದು ಲಗ್ನ. ಒಬ್ಬ ಗೌಡರು ಬೇಸಿನ ಬಾಕ್ಸಿಗೆ ಎದುರಾಗಿಯೇ ಕೂತಿದ್ದರು. ಹಾಡು ನಡೆದಿರುವಾಗಲೇ ಅವರ ಗದ್ದ ಎದೆಗೆ ಬಿತ್ತು. ಮುಗಿಯಿತು. ಎಲ್ಲರಿಗೂ ಗೊತ್ತಿತ್ತು, ಕಂಡವರು ಸಿಗುತ್ತಿರಲಿಲ್ಲ. ಎಲ್ಲಿ ನಡೆಯಿತು ಎಂದು ಕೇಳುವುದು ನನ್ನ ಓದಿನ ಚಟ.

ಚಿಕ್ಕೋಡಿಯ ಚಹಾ ಅಂಗಡಿಯವ ಹೇಳಿದ: "ಅಥಣ್ಯಾಗ ಆಗೇತ್ರಿ ಸರ. ನಮ್ಮ ಅಳಿಯ ಅಲ್ಲೇ ಇದ್ದ."

ಅಥಣಿಯ ಮಂಟಪದವನಿಗೆ ಸಿಟ್ಟು ಬಂತು. "ಇಲ್ಲ್ಯಾಕ ಆಗತೈತ್ರಿ? ದ್ರಾಕ್ಷಿ ತಿಂದ ಎದಿ ಅದಾವ ನಮ್ಮ ಮಂದೀವು. ರಾಯಬಾಗದಾಗ ಆಗಿದ್ದು ಅದು."

ರಾಯಬಾಗದ ಕಂಪೌಂಡರ್ ಬಹಳ ವಿಚಾರ ಮಾಡಿ ನಿಪ್ಪಾಣಿ ಎಂದ. ತಂಬಾಕಿನ ಧೂಳಿನಿಂದ ಅಲ್ಲಿಯವರ ಎದೆ ಮೊದಲೇ ಅರ್ಧ ನಿಂತಿರುತ್ತದಂತೆ. ನಿಪ್ಪಾಣಿಯಲ್ಲಿ ಮರಾಠಿಯಲ್ಲಿ ಉತ್ತರ ಬಂತು: "ಇಕಡೆ ನಾಹೀ ಮಾಸ್ತರ, ಕಾಗವಾಡಲಾ."

ಕಾಗವಾಡದಲ್ಲಿ ಚಹಾ ಕುಡಿಯುತ್ತ ಪಕ್ಕದ ಕಿರಾಣಿಯವರನ್ನು ಕೇಳಿದೆ. ಅವರು ರಸ್ತೆಯ ಎರಡೂ ಕಡೆ ನೋಡಿದರು. ದನಿ ತಗ್ಗಿಸಿದರು.

"ಚಿಕ್ಕೋಡ್ಯಾಗ್ರಿ. ಬಾಕ್ಸ್ ಬಾರಿಸಿದಾಂವ ಯಾವನೋ ಕಾಲೇಜ್ ಮಾಸ್ತರ ಅಂತ. ಇನ್ನೂ ಸಿಕ್ಕಿಲ್ಲಂತ."

ನಾನು ಚಹಾ ಅರ್ಧಕ್ಕೆ ಬಿಟ್ಟು ಬಸ್ ಹತ್ತಿದೆ.

೨. ಕೊಲ್ಲಾಪುರದಲ್ಲಿ ನಾಡಿ

ಮೊದಲು ನಮಗಿದ್ದದ್ದು ಭೋಂಗಾಕ್ಕೆ, ಅಂದರೆ ತುತ್ತೂರಿ ಸ್ಪೀಕರಿಗೆ, ಹಚ್ಚುವ ಹಳೆಯ ಆಂಪ್ಲಿಫೈಯರ್ ಮಶೀನು, ರೇಡಿಯೊಕ್ಕೆ ತಕ್ಕಂಥ ಒಂದು ಸಣ್ಣ ಬಾಕ್ಸು. ಎರಡನೇ ಸಾಲು ದಾಟಿದರೆ ಬೇಸ್ ಕೇಳುತ್ತಿರಲಿಲ್ಲ. ಗುಂಡಿ ತಿರುಗಿಸಿ ಏರಿಸಿದರೆ ಅರಿವೆ ಹರಿದ ಸದ್ದು ಬರುತ್ತಿತ್ತು. ಜನ ಅದಕ್ಕೂ ಹೆದರುತ್ತಿದ್ದರು.

ಮಾಲಕರಿಗೆ ನಾನು ತಿಳಿಸಿ ಹೇಳಿದೆ. ಸಣ್ಣ ಮಶೀನನ್ನು ಪೂರ್ತಿ ಏರಿಸಿದರೆ ಅದು ಒದರುತ್ತದೆ, ಸ್ಪೀಕರಿನ ಕಾಗದ ಹರಿಯುತ್ತದೆ. ದೊಡ್ಡ ಮಶೀನನ್ನು ಅರ್ಧಕ್ಕೆ ಇಟ್ಟರೆ ಸ್ವಚ್ಛವಾಗಿ ಮಾತಾಡುತ್ತದೆ. ಬಾಕ್ಸ್ ದೊಡ್ಡದಿದ್ದಷ್ಟು ಕೆಳಗಿನ ಸ್ವರ ಸಲೀಸಾಗಿ ಬರುತ್ತದೆ.

"ತಿಳೀತು ಬಿಡ್ರಿ. ಸಣ್ಣ ಎತ್ತು ಏರು ಹತ್ತೂ ಮುಂದ ಬಾಯಾಗ ನೊರಿ ಬರತೈತಿ. ದೊಡ್ಡದು ತಿಳಿಯೂದ ಇಲ್ಲ," ಎಂದರು. ಆಮೇಲೆ ನಾನು ಕ್ಲಾಸಿನಲ್ಲೂ ಎತ್ತನ್ನೇ ಹೇಳುತ್ತಿದ್ದೆ.

ಮಾಲಕರು, ಡ್ರಮ್ ಬಾರಿಸುವವ, ನಾನು ಮೂವರೂ ಕೊಲ್ಲಾಪುರಕ್ಕೆ ಹೋದೆವು. ಅಂಗಡಿಯವ "ಬಸಾ, ಚಹಾ ಘ್ಯಾ" ಎಂದು ಕೂಡಿಸಿ ಬಾಕ್ಸುಗಳನ್ನು ಸಾಲಾಗಿ ನಿಲ್ಲಿಸಿದ. ಒಂದರಲ್ಲಿ ಹದಿನೈದು ಇಂಚಿನ ಒಂದೇ ಸ್ಪೀಕರ್. ಇನ್ನೊಂದರಲ್ಲಿ ಹತ್ತು ಇಂಚಿನ ನಾಲ್ಕು. ಮತ್ತೊಂದು ಆಳೆತ್ತರದ್ದು. ಮೊದಲನೆಯದು ಆಳವಾಗಿ ಬರುತ್ತದೆ, ಎರಡನೆಯದು ಚುರುಕಾಗಿ ಬರುತ್ತದೆ, ಆಳೆತ್ತರದ್ದನ್ನು ಹೊರಲು ಮಂದಿ ಬೇಕು ಎಂದು ನಾನು ಹೇಳುತ್ತಿದ್ದೆ. ಮಾಲಕರು ನಡುವೆ ಬಾಯಿ ಹಾಕಿದರು.

"ಇವುರಾಗ ಎದಿಗೆ ಹಗುರ ಯಾವುದು?"

ಇಂಥ ಗಿರಾಕಿಯನ್ನು ಅಂಗಡಿಯವ ಕಂಡಿರಲಿಲ್ಲ. ಪರೀಕ್ಷೆಯ ಕ್ರಮವನ್ನು ಮಾಲಕರೇ ಹೇಳಿಕೊಟ್ಟರು. ಅವರು ಬಾಕ್ಸ್ ಮುಂದೆ ಸ್ಟೂಲ್ ಹಾಕಿಕೊಂಡು ಕೂರುವುದು. ನಾನು ಬಾರಿಸುವುದು. ಡ್ರಮ್ಮಿನವ ಅವರ ನಾಡಿ ಹಿಡಿದು ಏನಾಗುತ್ತದೆಂದು ಹೇಳುವುದು.

ಹದಿನೈದು ಇಂಚಿನದರಿಂದ ಸುರುಮಾಡಿದೆ. ಡ್ರಮ್ಮಿನವ ಕಣ್ಣು ಮುಚ್ಚಿ ಮಣಿಕಟ್ಟು ಹಿಡಿದಿದ್ದ. ಅವನ ಕಾಲು ನೆಲಕ್ಕೆ ಬಡಿಯುತ್ತಿತ್ತು.

"ಮಾಲಕ, ನಾಡಿ ಸರಿಯಾಗಿ ತಾಳಕ್ಕ ಹೊಂಟೈತ್ರಿ."

ನಾನು ಲಯ ನಿಧಾನ ಮಾಡಿದೆ.

"ಈಗೂ ತಾಳದಾಗ ಐತಿ. ಮಾಸ್ತರ ಇಳಿಸಿದಂಗ ಅದೂ ಇಳಿಯಾಕತ್ತೈತಿ."

ಡ್ರಮ್ಮಿನವನ ಕೈಗೆ ಏನು ಕೊಟ್ಟರೂ ಅದು ತಾಳದಲ್ಲೇ ಇರುತ್ತದೆ. ಸೋರುವ ನಳ ಕೊಟ್ಟರೂ ಅವನು ಎಣಿಸುವುದು ತನ್ನ ಎಣಿಕೆಯನ್ನೇ. ನನಗೆ ಇದು ಗೊತ್ತಿತ್ತು. ಮಾಲಕರಿಗೆ ಗೊತ್ತಿರಲಿಲ್ಲ. ಅವರ ಹಣೆಯ ಮೇಲೆ ಬೆವರು ಕಂಡಿತು.

"ಅಂದ್ರ ಮಾಸ್ತರ ಬಾರಸೂದು ನಿಲ್ಲಿಸಿದ್ರ?"

ಡ್ರಮ್ಮಿನವ ವಿಚಾರ ಮಾಡಿದ. ಡ್ರಮ್ಮಿನವರು ವಿಚಾರ ಮಾಡಬಾರದು.

"ಅದೂ ನಿಲ್ಲತೈತ್ರಿ."

"ಮಾಸ್ತರ, ನಿಲ್ಲಸಬ್ಯಾಡ್ರಿ."

ನಾನು ವಿವರಿಸಲು ಹೋದೆ. "ಮಾತು ಆಮ್ಯಾಲ. ಬಾರಸ್ರಿ," ಎಂದರು. ಬಾರಿಸಿದೆ. ಚಹಾ ಬಂತು, ಆರಿತು. ಬೇರೆ ಗಿರಾಕಿಗಳು ಬಂದರು, ನೋಡಿದರು, ಹೋದರು. ಸಂಜೆಯಾಗಿ ಅಂಗಡಿಯವ ಅರ್ಧ ಶಟರ್ ಇಳಿಸಿ ಒಳಗೆ ಬಂದು ಕೈ ಮುಗಿದ. ಬೆರಳು ಉರಿಯುತ್ತಿತ್ತು. ನಾನು ಬಾರಿಸುತ್ತಲೇ ಇದ್ದೆ. ಆಗ ಇಡೀ ಪೇಟೆಯ ಕರೆಂಟು ಹೋಯಿತು.

ಕತ್ತಲು. ಬಾಕ್ಸ್ ಬಂದ್. ಬಹಳ ಹೊತ್ತಿನ ಮೇಲೆ ಕತ್ತಲಿನೊಳಗಿಂದ ಮಾಲಕರ ದನಿ ಬಂತು.

"ಇದನ್ನ ಕಟ್ಟ್ರಿ."

೩. ಫೌಜದಾರರ ಟೋಪಿ

ಹಾಗೆ ತಂದ ಬಾಕ್ಸಿಗೆ ಸ್ಪೀಕರಿನ ಕೆಳಗೆ ಒಂದು ದುಂಡನೆಯ ತೂತು ಇತ್ತು. ಸ್ಪೀಕರ್ ಹಿಂದೆ ಮುಂದೆ ಆಡಿದಂತೆ ಆ ತೂತಿನಿಂದ ಗಾಳಿ ಹೊರಗೆ ಒಳಗೆ ಆಡುತ್ತದೆ. ಕೆಳಗಿನ ಸ್ವರಗಳಿಗೆ ಅದರಿಂದ ಬಲ ಬರುತ್ತದೆ. ತಿಳಿಯದಂಥದ್ದೇನೂ ಇದರಲ್ಲಿಲ್ಲ.

ಅಂಕಲಿಯಲ್ಲಿ ಒಂದು ಕಟ್ಟಡದ ಉದ್ಘಾಟನೆ. ವೇದಿಕೆ ಸಣ್ಣದು. ದೀಪ ಹಚ್ಚುವ ಹಿತ್ತಾಳೆಯ ಸಮೆಯನ್ನು ಜಾಗವಿಲ್ಲವೆಂದು ನಮ್ಮ ಬಾಕ್ಸ್ ಮುಂದೆಯೇ ಇಟ್ಟಿದ್ದರು. ಮುಖ್ಯ ಅತಿಥಿ ನಿವೃತ್ತ ಫೌಜದಾರರು. ದಪ್ಪ ಮೀಸೆ, ಮಡಿಕೆ ಮುರಿಯದ ಬಿಳಿ ಟೋಪಿ. ದೀಪ ಹಚ್ಚುವಾಗ 'ಒಂದೀಟು ಮ್ಯೂಸಿಕ್' ಬೇಕೆಂದು ಊರವರ ಅಪೇಕ್ಷೆ.

ಫೌಜದಾರರು ದೀಪ ಹಚ್ಚಿದರು. ನಾನು ದಪ್ಪ ತಂತಿ ಮೀಟಿದೆ. ದೀಪ ಆರಿತು.

ಮತ್ತೆ ಹಚ್ಚಿದರು. ಮೀಟಿದೆ. ಆರಿತು.

ಕೆಳಗೆ ಗುಸುಗುಸು ಸುರುವಾಯಿತು. ಒಬ್ಬ ಹಿರಿಯರು ಎಲ್ಲರಿಗೂ ಕೇಳುವ ಹಾಗೆ ಫೌಜದಾರರ ಕೈಗುಣದ ಮಾತು ತೆಗೆದರು. ಫೌಜದಾರರು ಬಾಕ್ಸ್ ನೋಡಿದರು, ನನ್ನನ್ನು ನೋಡಿದರು.

"ಏನದು?"

"ಗಾಳಿ ಸರ. ಆ ತೂತಿನಿಂದ ಬರತೈತಿ."

"ಅಂದ್ರ ಉಸರಾಡತೈತಿ?"

"ಒಂದು ರೀತೀಲೆ ಹೌದು," ಎಂದೆ. ಸಂಶಯವಾದಿಯಾದವನು 'ಒಂದು ರೀತೀಲೆ' ಎಂದು ಎಂದೂ ಹೇಳಬಾರದು. ಫೌಜದಾರರು ತಲೆಯ ಮೇಲಿನ ಟೋಪಿ ತೆಗೆದು, ಮಡಚಿ, ಒಲೆಯ ಬಾಯಿಗೆ ಕಟ್ಟಿಗೆ ತುರುಕಿದಂತೆ ಆ ತೂತಿಗೆ ತುರುಕಿದರು. ಹೆದರಿದ ಮನುಷ್ಯನ ಬಲವಿತ್ತು ಕೈಯಲ್ಲಿ. ದೀಪ ಹತ್ತಿತು, ನಿಂತಿತು. ಚಪ್ಪಾಳೆಯೂ ಆಯಿತು.

ಟೋಪಿಯಿಂದ ಸೌಂಡ್ ಸುಧಾರಿಸಿತು. ತೂತು ಮುಚ್ಚಿದರೆ ಬೇಸಿನ ಗುಂಯ್‌ಗುಡುವಿಕೆ ಕಡಿಮೆಯಾಗಿ ಸ್ವರ ಬಿಗಿಯಾಗುತ್ತದೆ. ನಾನು ಮನಸ್ಸಿನಲ್ಲೇ ಇದನ್ನು ಗುರುತು ಹಾಕಿಕೊಂಡೆ. ಎರಡನೇ ಹಾಡಿನಲ್ಲಿ ದಪ್ಪ ತಂತಿಯ ಕೆಲಸ ಹೆಚ್ಚು. ಟೋಪಿ ಹೊರಗೆ ಬರಲು ಹತ್ತಿತು. ಎಮ್ಮೆ ಕರು ಹಾಕುವ ಹಾಗೆ, ಒಂದೊಂದು ಬಡಿತಕ್ಕೆ ಒಂದಿಷ್ಟು. ಮುಂದಿನ ಸಾಲಿನವರು ಮೊದಲು ಮಾತು ನಿಲ್ಲಿಸಿದರು, ಆಮೇಲೆ ಎದ್ದು ನಿಂತರು, ಆಮೇಲೆ ಅಲ್ಲಿರಲಿಲ್ಲ. ಯಾರೂ ಬೀಳಲಿಲ್ಲ ಎಂದು ನಾನು ಲೆಕ್ಕ ಹಾಕಿದೆ. ಮಾಲಕರು ಹಾಡುತ್ತಲೇ ನನ್ನ ಕಡೆ ಕಣ್ಣು ಕೆಕ್ಕರಿಸಿದರು.

ಟೋಪಿ ಪೂರ್ತಿ ಹೊರಬಂದು ಫೌಜದಾರರ ಕಾಲ ಹತ್ತಿರ ಬಿತ್ತು. ಹಾಡು ಮುಗಿದ ಮೇಲೆ ನಾನು ಅದನ್ನು ಎತ್ತಿ, ಜಾಡಿಸಿ, ಎರಡೂ ಕೈಯಿಂದ ಮುಂದೆ ಹಿಡಿದೆ. ಅವರು ಕೈ ಹಿಂದಕ್ಕೆ ಕಟ್ಟಿಕೊಂಡರು.

"ಬ್ಯಾಡ್ರಿ ಮಾಸ್ತರ. ಅದರ ಬಾಯಾಗ ಹೋಗಿ ಬಂದೈತಿ. ಎಂಜಲಾಗೇತಿ."

೪. ಬಾರಿಸಿದ ಕಂಬ

ನನಗೆ ಹೆದರಿಕೆಯೇ ಇರಲಿಲ್ಲವೆಂದಲ್ಲ. ನನ್ನ ಹೆದರಿಕೆ ಕರೆಂಟಿನದು. ಅದಕ್ಕೆ ಆಧಾರಗಳಿದ್ದವು.

ರಾಯಬಾಗದ ಕಡೆಯ ಒಂದು ಲಗ್ನದಲ್ಲಿ ವಾಯರಮನ್ ರಸ್ತೆಯ ಕಂಬದಿಂದ ಬಿದಿರಿನ ಕೋಲಿನಿಂದ ವಾಯರ್ ಸಿಕ್ಕಿಸಿ ಲೈನ್ ತಂದಿದ್ದ. ಅರ್ಥಿಂಗ್ ಎಲ್ಲಿದೆ ಎಂದು ಕೇಳಿದೆ. ಜನ ಉಂಡು ಕೈ ತೊಳೆಯುವ ಜಾಗದಲ್ಲಿ ಒಂದು ಸರಳು ನಿಂತಿತ್ತು, ಅದನ್ನು ತೋರಿಸಿದ. ನನ್ನ ಗಿಟಾರಿನ ತಂತಿ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು.

"ಇದರಾಗ ಕರೆಂಟ್ ಬರಾಕತ್ತೈತೆಲ್ಲೋ ತಮ್ಮಾ."

ಅವನು ಅಂಗೈ ತಿರುವಿ ಬೆರಳ ಹಿಂಭಾಗದಿಂದ ತಂತಿ ಮುಟ್ಟಿ ನೋಡಿದ. "ಬರತೈತ್ರಿ. ಭಾಳಿಲ್ಲ. ಚುರುಚುರು ಅಷ್ಟ."

ನಾನು ಹವಾಯಿ ಚಪ್ಪಲಿ ಹಾಕಿಕೊಂಡು ಕಟ್ಟಿಗೆಯ ಮಣೆಯ ಮೇಲೆ ನಿಂತೆ. ಧಾರವಾಡದಲ್ಲಿ ಕಲಿತವರು ಮಣೆಯ ಮೇಲೆ ನಿಂತೇ ಬಾರಿಸುತ್ತಾರೆ ಎಂದು ಊರವರು ಮಾತಾಡಿಕೊಂಡರು.

ಹುಡುಗಿಯ ತಂದೆಗೆ ಹೆದರಿಕೆ ಬಾಕ್ಸಿನದು. ಅದನ್ನು ದೂರ ಇಡಿ ಎಂದರು. ಮನೆಯ ಗೋಡೆಗಳು ಕೂಡುವ ಮಂಟಪದ ಮೂಲೆಗೆ ಸರಿಸಿದೆವು. ಮೂಲೆಗೆ ಇಟ್ಟರೆ ಎರಡೂ ಗೋಡೆ ಸೇರಿ ಬೇಸನ್ನು ಇಮ್ಮಡಿ ಮಾಡುತ್ತವೆ ಎಂದು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೌಂಡ್ ಇಮ್ಮಡಿಯಾಯಿತು. ಅವರು ಎದೆ ಹಿಡಿದುಕೊಂಡು ಮಂಟಪದ ಕೊನೆಗೆ, ಬಾಕ್ಸಿನಿಂದ ಆದಷ್ಟು ದೂರ ಹೋಗಿ, ನಿಟ್ಟುಸಿರು ಬಿಟ್ಟು, ಒಂದು ಕಬ್ಬಿಣದ ಕಂಬಕ್ಕೆ ಆತು ನಿಂತರು. ವಾಯರಮನ್ ತನ್ನ ವಾಯರ್ ಸುತ್ತಿದ್ದು ಅದೇ ಕಂಬಕ್ಕೆ.

ಅವರು ನಿಂತಲ್ಲೇ ಮೊಳದೆತ್ತರ ಹಾರಿದರು. "ಬೇಸ್ ಬಡೀತೋ ಯಪ್ಪಾ" ಎಂದು ಕೂತುಬಿಟ್ಟರು. ಮನೆಯವರು ಓಡಿ ಬಂದು ಅವರ ಮೂಗಿಗೆ ಉಳ್ಳಾಗಡ್ಡಿ ಹಿಡಿದರು. ಕುರ್ಚಿಯಿಂದ ಬಿದ್ದದ್ದಲ್ಲ, ನಿಂತಲ್ಲಿಂದ ಕೂತದ್ದು ಎಂದು ನಾನು ಮಾಲಕರಿಗೆ ಹತ್ತು ಸಲ ಹೇಳಿದೆ. ವಾಯರಮನ್‌ನ ಕೈ ಹಿಡಿದು ಎಳೆದುಕೊಂಡು ಹೋಗಿ ಕಂಬ ತೋರಿಸಿದೆ. ಬೆರಳ ಹಿಂಭಾಗದಿಂದ ಮುಟ್ಟಿದ. ಕೈ ಕೊಡವಿದ.

"ಖರೇ ಐತ್ರಿ. ಬೇಸ್ ಕಂಬದಾಗ ಇಳದೈತಿ. ಬಾಕ್ಸ್ ಬಂದ್ ಮಾಡ್ರಿ."

ಬಂದ್ ಮಾಡಿದೆವು. ನಾನು ಗಿಟಾರ್ ಚೀಲಕ್ಕೆ ಹಾಕಿ ಊಟದ ಪಂಕ್ತಿಯಲ್ಲಿ ಕೂತೆ. ಅತ್ತ ಕಂಬ ಹಿಡಿದ ಇನ್ನೊಬ್ಬರು ಹಾರಿದರು, ಅವರ ಹಿಂದೆ ಮತ್ತೊಬ್ಬರು. ಹುಡುಗಿಯ ಸೋದರಮಾವ ಓಡಿ ಬಂದರು. ನನ್ನ ಎಡಗೈಯಲ್ಲಿ ನೀರಿನ ಗ್ಲಾಸು, ಬಲಗೈಯಲ್ಲಿ ಹುಗ್ಗಿ.

"ಮಾಸ್ತರ," ಎಂದರು, "ಸ್ವಲ್ಪ ಸಾವಕಾಶ ಬಾರಸ್ರಿ."

೫. ತವರಿಗೆ ಬಂದ ಬಾಕ್ಸ್

ಇಷ್ಟಾದ ಮೇಲೆ ಮಾಲಕರು ಒಂದು ತೀರ್ಮಾನಕ್ಕೆ ಬಂದರು. ಬಾಕ್ಸ್ ಕಪ್ಪಗಿದೆ, ಮುಂದೆ ಕಬ್ಬಿಣದ ಜಾಳಿಗೆ ಇದೆ, ಅದಕ್ಕೇ ಮಂದಿ ಹೆದರುತ್ತಾರೆ. ನೋಡಿದರೆ ಮನೆಯ ಸಾಮಾನು ಅನ್ನಿಸಬೇಕು. ಒಬ್ಬ ಬಡಿಗೇರರಿಗೆ ಹೇಳಿ ಸಾಗವಾನಿಯಲ್ಲಿ ಹೊಸ ಬಾಕ್ಸ್ ಮಾಡಿಸಿದರು. ಕಪಾಟಿನ ಹಾಗೆ ಬಾಗಿಲು, ಹಿತ್ತಾಳೆಯ ಕೊಂಡಿ, ಮೇಲೆ ಕೆತ್ತಿದ ಕಮಲ. ನಾನು ಎದುರು ನಿಂತು ಜಗಳ ಆಡಿದ್ದರಿಂದ ತೂತು ಒಂದು ಉಳಿಯಿತು. ಹಲಗೆ ದಪ್ಪವಿತ್ತು, ಅದು ಒಳ್ಳೆಯದೇ; ತೆಳ್ಳಗಿದ್ದರೆ ಬಾಕ್ಸೇ ನಡುಗಿ ಸ್ವರ ಕೆಡುತ್ತದೆ.

ಈ ಬಾಕ್ಸಿಗೆ ಯಾರೂ ಹೆದರಲಿಲ್ಲ. ಅದೇ ತಪ್ಪಾಯಿತು.

ಚಿಕ್ಕೋಡಿಯ ಒಂದು ಲಗ್ನ ಮುಗಿದು ಹುಡುಗಿಗೆ ಕೊಟ್ಟ ಸಾಮಾನು ಗಂಡಿನವರ ಟ್ರ್ಯಾಕ್ಟರಿಗೆ ಏರುತ್ತಿತ್ತು. ಮಂಚ, ಗಾದಿ, ಭಾಂಡೆ, ಕಪಾಟು. ನಾವು ಉಣ್ಣುತ್ತಿದ್ದೆವು. ಕೈ ತೊಳೆದು ಬರುವಷ್ಟರಲ್ಲಿ ಟ್ರ್ಯಾಕ್ಟರೂ ಇಲ್ಲ, ನಮ್ಮ ಬಾಕ್ಸೂ ಇಲ್ಲ.

ಮರುದಿನ ಮಾಲಕರು, ನಾನು ಮೋಟರ್ ಸೈಕಲ್ಲಿನ ಮೇಲೆ ಯಡೂರಿನ ಹಾದಿಯ ಆ ಹಳ್ಳಿಗೆ ಹೋದೆವು. ಬಾಕ್ಸ್ ದೇವರ ಕೋಣೆಯ ಬಾಗಿಲಿಗೆ ನಿಂತಿತ್ತು. ಅರಿಸಿನ ಕುಂಕುಮ ಏರಿತ್ತು. ಹುಡುಗನ ತಾಯಿ ತಲೆಯ ಮೇಲೆ ಸೆರಗು ಹೊದ್ದು ಹೊರಗೆ ಬಂದರು.

"ಸೀರಿ ಇಡೂಣು ಅಂತ ಬಾಗಲಾ ತಗದ್ನಿರಿ. ಒಳಗ ಕರ್ರಗ ದುಂಡಗ ಕುಂತೈತಿ. ಕೈ ಮುಗದು ಮುಚ್ಚೇನಿ."

ಮಾಲಕರು ಬಂದ ಕಾರಣ ಹೇಳಿದರು. ತಾಯಿ ತಲೆ ಅಲ್ಲಾಡಿಸಿದರು.

"ಸೊಸಿ ಜೋಡಿ ಹೊಸ್ತಲಾ ದಾಟಿ ಬಂದದ್ದು ಹಂಗ ಹೊರಗ ಹೋಗಾಂಗಿಲ್ರಿ. ಮನಿಗೆ ಛಲೋ ಅಲ್ಲ."

"ಅವ್ವಾರ, ಅದು ಕಪಾಟಲ್ರಿ," ಎಂದರು ಮಾಲಕರು. ಅವಸರದಲ್ಲಿ ಅವರ ಬಾಯಿಂದ ಬರಬಾರದ ಮಾತು ಬಂತು. "ಮಂದಿ ಎದಿ ನಿಲ್ಲಸೂ ಬಾಕ್ಸ್ ಅಂತಾರಲ್ರಿ, ಅದು."

ತಾಯಿಯ ಮುಖ ಬಿಳಚಿತು. ಅಂಗಳದಲ್ಲಿ ಹೊರಸಿನ ಮೇಲೆ ಮಲಗಿದ್ದ ಯಜಮಾನರನ್ನು ಒಮ್ಮೆ ನೋಡಿದರು, ಬಾಕ್ಸನ್ನು ಒಮ್ಮೆ ನೋಡಿದರು. ಇಟ್ಟುಕೊಂಡರೆ ಯಜಮಾನರಿಗೆ ಕೇಡು. ಕಳಿಸಿದರೆ ಮನೆಗೆ ಕೇಡು. ಅವರು ಅಳುವುದೊಂದು ಬಾಕಿ. ಕೊನೆಗೆ ನೆರೆಮನೆಯ ಮುದುಕಿ ಒಬ್ಬಳು ಬಂದು ಬಿಡಿಸಿದಳು.

"ಏನ ಹೆದರತಿ ಬೇ? ಬಂದ ಸೊಸಿ ತವರಮನಿಗೆ ಹೋಗಾಂಗಿಲ್ಲೇನ? ಉಡಿ ತುಂಬಿ ಕಳಸು."

ತಾಯಿ ಬಾಕ್ಸಿಗೆ ಉಡಿ ತುಂಬಿದರು. ಅಕ್ಕಿ, ಉತ್ತತ್ತಿ, ಅಡಿಕೆ, ಬೆಲ್ಲದ ಚೂರು, ಎಲ್ಲ ಆ ತೂತಿನೊಳಗೆ. ಮೇಲೆ ಒಂದು ಕುಪ್ಪಸದ ಖಣ ಹೊದಿಸಿದರು. ಬಾಡಿಗೆಯ ಟೆಂಪೊ ತಂದು ಏರಿಸಿದೆವು. "ಲಗೂನ ಬಾರವಾ" ಎಂದು ತಾಯಿ ಬಾಕ್ಸಿಗೆ ಹೇಳಿದರು. ಹೇಳಿದ ಮೇಲೆ ಬಾಗಿಲು ಹಾಕಿ ಒಳಗಿನ ಚಿಲಕ ಜಡಿದುಕೊಂಡದ್ದು ನಮಗೆ ಕೇಳಿಸಿತು.

ಅಕ್ಕಿ ತೆಗೆಯಲು ಮಾಲಕರು ಬಿಡಲಿಲ್ಲ. ಉಡಿಯ ಅಕ್ಕಿ ಚೆಲ್ಲಬಾರದು. ಕೆಳಗಿನ ಸ್ವರ ಮೀಟಿದಾಗಲೆಲ್ಲ ಕಾಳು ಒಳಗೆ ಕುಣಿಯುತ್ತಿದ್ದವು. ಆ ಲಗ್ನಸರಾಯಿ ಪೂರ್ತಿ ನಾನು ಬಾರಿಸಿದ್ದಕ್ಕೆಲ್ಲ ಚಟಪಟ ಒಗ್ಗರಣೆ ಬೀಳುತ್ತಿತ್ತು.

೬. ಬಾಕ್ಸ್ ಮುಂದಿನ ಕುರ್ಚಿ

ತೊಂಬತ್ತರ ದಶಕ ಬಂತು. ಕೀಬೋರ್ಡುಗಳು ಜಾಣ ಆದವು. ಮಾಲಕರು ಹೊಸದೊಂದು ತಂದರು; ಎಡಗೈಯ ಬೆರಳೊಂದು ಇಟ್ಟರೆ ಬೇಸ್ ಬರುತ್ತಿತ್ತು, ಸಣ್ಣಗೆ, ಯಾರಿಗೂ ಅಂಜಿಕೆ ಆಗದಂತೆ. ಅವರು ಅದನ್ನು ನನ್ನ ಎದುರೇ ಬಾರಿಸಿ ನೋಡುತ್ತಿದ್ದರು. ಸಾಗವಾನಿ ಬಾಕ್ಸಿಗೆ ಗಿರಾಕಿಯೂ ಸಿಕ್ಕಿದ್ದ. ಸೀರೆ ಇಡಲು ಬೇಕಂತೆ.

"ಇದೊಂದು ಪ್ರೋಗ್ರಾಮ್ ಆಗ್ಲಿ ಮಾಸ್ತರ. ನೋಡೂಣು," ಎಂದಿದ್ದರು.

ಆ ಪ್ರೋಗ್ರಾಮ್ ಅಥಣಿಯಿಂದ ಕಾಗವಾಡಕ್ಕೆ ಹೋಗುವ ಹಾದಿಯಲ್ಲಿ, ಮಂಗಸೂಳಿಗೆ ಹತ್ತಿರದ ಒಂದು ಹಳ್ಳಿಯಲ್ಲಿ. ದ್ರಾಕ್ಷಿ ತೋಟದ ದೊಡ್ಡ ಮನೆತನ, ಮೊಮ್ಮಗಳ ಲಗ್ನ. ಇಳಿಹೊತ್ತು, ಬಿಸಿಲು ಇನ್ನೂ ಇತ್ತು. ನಮ್ಮ ಬಾಕ್ಸಿನ ಕೀರ್ತಿ ನಮಗಿಂತ ಮೊದಲೇ ಬಂದಿತ್ತು. ಕುರ್ಚಿಗಳನ್ನು ವೇದಿಕೆಯಿಂದ ಎತ್ತಿನಗಾಡಿ ತಿರುಗುವಷ್ಟು ದೂರ ಹಾಕಿದ್ದರು. ನನಗೆ ಸಮಾಧಾನವಾಯಿತು. ಅಷ್ಟು ದೂರದಲ್ಲಿ ಯಾರಾದರೂ ಬಿದ್ದರೆ ನಮ್ಮ ಮೇಲೆ ಬರಲಿಕ್ಕಿಲ್ಲ.

ಮೊದಲ ಹಾಡು ಸುರುವಾಗುವಾಗ ಹುಡುಗಿಯ ಅಜ್ಜ ಎದ್ದರು. ಕೋಲಿನಂಥ ಮನುಷ್ಯ, ತಲೆಗೆ ಸುತ್ತಿದ ದೊಡ್ಡ ಪಟಕ, ಕರಿಯ ಕೋಟು. ತಮ್ಮ ಕುರ್ಚಿಯನ್ನು ತಾವೇ ಎಳೆದುಕೊಂಡು ಬಂದು ಬಾಕ್ಸ್ ಮುಂದೆ ಕೈಗೆ ಎಟಕುವಷ್ಟು ಹತ್ತಿರ ಹಾಕಿ ಕೂತರು.

ಮಾಲಕರು ಹಾಡುತ್ತಲೇ ನನಗೆ ಕೈ ಸನ್ನೆ ಮಾಡಿದರು: ಇಳಸ್ರಿ. ಇಳಿಸಿದೆ.

ಅಜ್ಜ ನನ್ನ ಕಡೆ ತಿರುಗಿದರು. "ಏ ಮಾಸ್ತರ, ಕೈ ನೋವಾಗೇತೇನು? ಏರಸು."

"ಅಜ್ಜಾರ, ಸ್ವಲ್ಪ ಹಿಂದ ಸರದು ಕೂಡ್ರಿ. ಬೇಸ್ ದೂರಿಂದ ಛಲೋ ಕೇಳತೈತಿ," ಎಂದೆ. ಅದು ಸುಳ್ಳೇನಲ್ಲ, ಕೆಳಗಿನ ಸ್ವರ ದೂರದಲ್ಲೇ ತುಂಬಿ ಬರುತ್ತದೆ.

"ನಾ ಕೇಳಾಕ ಬಂದಿಲ್ಲ," ಎಂದರು ಅಜ್ಜ.

ಮತ್ತೇತಕ್ಕೆ ಬಂದಿದ್ದಾರೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಏರಿಸಿದೆ. ಅಜ್ಜ ಕಣ್ಣು ಮುಚ್ಚಿದರು.

ದಪ್ಪ ತಂತಿ ಸೆಕೆಂಡಿಗೆ ಸುಮಾರು ನಲವತ್ತು ಸಲ ಆಡುತ್ತದೆ. ಅದರಿಂದ ಯಾರ ಎದೆಯೂ ನಿಲ್ಲುವುದಿಲ್ಲ. ಇದನ್ನು ನಾನು ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ. ಆದರೆ ನನ್ನ ಬೆರಳುಗಳು ಬೋರ್ಡನ್ನು ಓದಿರಲಿಲ್ಲ, ಅವು ತಣ್ಣಗಾಗುತ್ತಿದ್ದವು. ಅಜ್ಜನ ಎದೆ ಏರಿಳಿಯುವುದನ್ನು ನೋಡಲು ಹೋದೆ. ಕರಿಯ ಕೋಟು, ಏನೂ ಕಾಣಲಿಲ್ಲ. ಮುಂದಿನ ಹಾಡಿನಲ್ಲಿ ಅವರ ಗದ್ದ ಮೆಲ್ಲಗೆ ಎದೆಗೆ ಇಳಿಯಿತು. ಕುರ್ಚಿಯ ಕೈಮೇಲಿದ್ದ ಕೈ ಜಾರಿ ಕೆಳಗೆ ಜೋತಿತು. ಪಟಕ ಉರುಳಿ ಬಾಕ್ಸಿನ ಬುಡಕ್ಕೆ ಬಂದು ನಿಂತಿತು.

ನಾನು ಬಾರಿಸುವುದು ನಿಲ್ಲಿಸಿದೆ. ಡ್ರಮ್ಮಿನವ ನಿಲ್ಲಿಸಿದ. ಮಾಲಕರ ಹಾಡು ನಡುವೆಯೇ ತುಂಡಾಯಿತು. ಅವರು ಅಜ್ಜನನ್ನು ನೋಡಿದರು. ಆಮೇಲೆ, ಮಾರಿದ ಎಮ್ಮೆಯನ್ನು ನೋಡುವ ಹಾಗೆ ಬಾಕ್ಸ್ ನೋಡಿದರು. ಆಮೇಲೆ ನನ್ನನ್ನು. ಅವರ ಎಡಗೈ ಕೀಬೋರ್ಡಿನ ಮೇಲೆ ಹೋಗಿ ಕೂತಿತು.

ಮಾಲಕರು ವೇದಿಕೆ ಇಳಿದು ಹೋಗಿ ಅಜ್ಜನ ಎದುರು ಕುಕ್ಕರಗಾಲಿನಲ್ಲಿ ಕೂತರು.

"ಅಜ್ಜಾರ."

ಇಲ್ಲ.

"ಅಜ್ಜಾರ."

ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಅಳುವುದಕ್ಕೆ ಬೇಕಾದ ಉಸಿರು ಎಳೆದುಕೊಂಡದ್ದು ವೇದಿಕೆಯ ತನಕ ಕೇಳಿಸಿತು. ಅಜ್ಜ ಒಂದು ಕಣ್ಣು ತೆರೆದರು.

"ಯಾಂವಲೇ ನಿಲ್ಲಿಸಿದಾಂವ?"

ಅಜ್ಜ ಇನ್ನೊಂದು ಕಣ್ಣನ್ನೂ ತೆರೆದು ಪಟಕ ಹುಡುಕಿದರು. ಮಾಲಕರು ಎತ್ತಿಕೊಟ್ಟರು.

"ನಿಮ್ಮ ಜೀಂವಕ್ಕ ಏನರ ಆತೇನೋ ಅಂತ, ಗೌಡ್ರ..."

"ಎಲ್ಲಾರೂ ಹಿಂಗ ಮಾಡ್ರಿ," ಎಂದರು ಅಜ್ಜ. "ನನಗ ಹಾಸಗಿ ಮ್ಯಾಲ ನಿದ್ದಿ ಹತ್ತೂದಿಲ್ಲ. ಹಿರೇ ಮೊಮ್ಮಗಳ ಲಗ್ನದಾಗ ಬ್ಯಾರೆ ಯಾವುದೋ ಆರ್ಕೆಸ್ಟ್ರಾ ತರಿಸಿದ್ವಿ. ಇಂಥಾದ ಬಾಕ್ಸ್. ಅದರ ಮುಂದ ಕುಂತೆ ನೋಡು, ತೊಟ್ಟಲಾ ತೂಗಿದಂಗಾತು. ಹಂತಾ ನಿದ್ದಿ ಜೀವನದಾಗ ಬಂದಿಲ್ಲ. ಈ ಮಂದಿ ಏನ ಮಾಡಬೇಕು? ನಾಕ ಮಂದಿ ನನ್ನ ಎತ್ತಿ ಕಟ್ಟಿ ಮ್ಯಾಲ ಮಲಗಿಸ್ಯಾರ. ಹೆಂಗಸರು ಅಳಾಕ ಹತ್ಯಾರ. ಬಸ್ಸಿನ ಹೊತ್ತಾಗೇತಿ ಅಂತ ಪರಊರ ಬೀಗರೆಲ್ಲಾ ಅಳಕೋತನ ಬಸ್ ಹತ್ತಿ ಹೋಗ್ಯಾರ. ಚಿಕ್ಕೋಡಿಯವರು ಚಿಕ್ಕೋಡಿಗೆ, ರಾಯಬಾಗದವರು ರಾಯಬಾಗಕ್ಕ, ನಿಪ್ಪಾಣಿಯವರು ನಿಪ್ಪಾಣಿಗೆ. ತಿರುಗಿ ಯಾಂವನೂ ಬಂದು ಕೇಳಲಿಲ್ಲ."

ಮಾಲಕರು ಬಾಕ್ಸ್ ಕಡೆ ಬೆರಳು ತೋರಿಸಿದರು.

"ಅಂದ್ರ... ಅವತ್ತು ಬಾಕ್ಸ್ ಮುಂದ ಸತ್ತಾಂವ..."

"ನಾನ. ಚಹಾದ ಹೊತ್ತಿಗೆ ಎದ್ದೆ."

ಅಜ್ಜ ಪಟಕವನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಾಲು ಚಾಚಿ, ಗದ್ದವನ್ನು ಎದೆಗೆ ಊರಿದರು. ಮಾಲಕರು ಎದ್ದು, ನನ್ನ ಕಡೆ ತಿರುಗಿ, ಅಂಗೈ ಮೇಲೆತ್ತಿ ಸನ್ನೆ ಮಾಡಿದರು: ಏರಸ್ರಿ. ನಾನು ಏರಿಸಿದೆ.

ಐದು ಊರು ಸೇರಿ ಸಾಯಿಸಿದ್ದ ಗೌಡರಿಗೆ ನಿದ್ದೆ ಬಂದಿತ್ತು.